ಜೀವಕೋಶದಿಂದ ಒಳಚರಂಡಿಯವರೆಗೆ

ಜೀವಕೋಶದ ಪಾಠದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗುವ ಹೆಸರು ರುಡಾಲ್ಫ್ ವಿರ್ಚೊ. ಹೊಸ ಜೀವಕೋಶ ಹುಟ್ಟುವುದು ಇನ್ನೊಂದು ಜೀವಕೋಶದಿಂದಲೇ ಎಂದು 1855ರಲ್ಲಿ ಸಾರಿದವರು. ಒಂದು ಅಂಕದ ಪ್ರಶ್ನೆಗೆ ಅಷ್ಟು ಸಾಕು. (ಜರ್ಮನರ ಬಾಯಲ್ಲಿ ಈ ಹೆಸರು ‘ಫಿರ್ಶೊ’ ಎಂದಾಗುತ್ತದೆ, ನಮ್ಮ ಪುಸ್ತಕಗಳ ರೂಢಿಯಂತೆ ಇಲ್ಲಿ ವಿರ್ಚೊ ಎಂದೇ ಇರಲಿ.) ಇದೇ ಮನುಷ್ಯ ನಲವತ್ತು ವರ್ಷಕ್ಕೂ ಮಿಕ್ಕಿ ಚುನಾಯಿತ ಪ್ರತಿನಿಧಿಯಾಗಿದ್ದರು, ಬಿಸ್ಮಾರ್ಕ್‌ಗೆ ಎದುರಾಗಿ ನಿಂತ ಉದಾರವಾದಿ ಪಕ್ಷದ ಸ್ಥಾಪಕರಲ್ಲಿ ಒಬ್ಬರು ಎಂಬುದು ವಿಜ್ಞಾನದ ಪುಸ್ತಕದಲ್ಲಿ ಇಲ್ಲ. ಚರಿತ್ರೆಯ ಪುಸ್ತಕದಲ್ಲಿ ಬಿಸ್ಮಾರ್ಕ್ ಇದ್ದಾನೆ, ವಿರ್ಚೊ ಇಲ್ಲ!

ವಿರ್ಚೊ ಹುಟ್ಟಿದ್ದು 1821ರಲ್ಲಿ, ಪ್ರಷ್ಯದ ಪೊಮೆರೇನಿಯ ಪ್ರಾಂತ್ಯದ ಸಣ್ಣ ಊರೊಂದರಲ್ಲಿ. ಸಾಧಾರಣ ಮನೆತನ. ಸೇನೆಗೆ ವೈದ್ಯರನ್ನು ತಯಾರು ಮಾಡುವ ಬರ್ಲಿನ್ನಿನ ಸಂಸ್ಥೆಯಲ್ಲಿ ಖರ್ಚಿಲ್ಲದೆ ಓದುವ ಅವಕಾಶ ಸಿಕ್ಕಿ ವೈದ್ಯರಾದರು. 1848ರ ಆರಂಭದಲ್ಲಿ ಮೇಲಣ ಸೈಲೀಸಿಯದಲ್ಲಿ ಬರಗಾಲದ ಬೆನ್ನಿಗೇ ಟೈಫಸ್ ಜ್ವರ ಹಬ್ಬಿತು. ಸರಕಾರ ಅಲ್ಲಿಗೆ ಕಳಿಸಿದವರಲ್ಲಿ 26 ವರ್ಷದ ವಿರ್ಚೊ ಒಬ್ಬರು. (ಟೈಫಸ್ ಬೇರೆ, ಟೈಫಾಯ್ಡ್ ಬೇರೆ. ಟೈಫಸ್ ಹರಡುವುದು ಹೇನಿನಿಂದ. ಆದರೆ ಅದು ಗೊತ್ತಾದದ್ದು 1909ರಲ್ಲಿ.)

ಹೇನಿನ ಸಂಗತಿ ತಿಳಿಯದ ಆ ತರುಣ ಸುಮಾರು ಮೂರು ವಾರ ಹಳ್ಳಿಗಳಲ್ಲಿ ತಿರುಗಿ ಬರೆದ ವರದಿಯಲ್ಲಿ ಔಷಧಿಯ ಪಟ್ಟಿಯೇ ಮುಖ್ಯವಾಗಿರಲಿಲ್ಲ. ಅಲ್ಲಿನ ಜನ ಆಡುವುದು ಪೋಲಿಷ್, ಅಧಿಕಾರಿಗಳು ಆಡುವುದು ಜರ್ಮನ್. ಹೊಟ್ಟೆಗಿಲ್ಲ, ಶಾಲೆಯಿಲ್ಲ, ರಸ್ತೆಯಿಲ್ಲ. ರೋಗಕ್ಕೆ ಬೇರು ಇಲ್ಲಿದೆ ಎಂದ ವಿರ್ಚೊ ಪರಿಹಾರಗಳನ್ನೂ ಅದಕ್ಕೆ ತಕ್ಕಂತೆಯೇ ಸೂಚಿಸಿದರು: ಜನರಿಗೆ ಸ್ವಯಮಾಡಳಿತ, ಅವರ ಭಾಷೆಗೆ ಸ್ಥಾನ, ಶಿಕ್ಷಣ, ರಸ್ತೆ, ಬಡವರ ಮೇಲಿನ ತೆರಿಗೆಯ ಇಳಿಕೆ. ವಿಜ್ಞಾನ ಓದುವ ಮಕ್ಕಳಿಗೆ ರಾಜಕೀಯದ ಗೊಡವೆ ಯಾಕೆ ಎನ್ನುವ ಹಿರಿಯರು ಈ ವರದಿಯ ಬಗ್ಗೆ ಒಮ್ಮೆ ಯೋಚಿಸಬೇಕು. ಜ್ವರದ ಕಾರಣ ಹುಡುಕುತ್ತ ಹೋದವರು ರಾಜಕೀಯದ ಬಾಗಿಲಿಗೆ ತಾವಾಗಿಯೇ ಬಂದು ನಿಂತಿದ್ದರು.

ಅವರು ಹಿಂತಿರುಗಿದ ಕೆಲವೇ ದಿನಗಳಲ್ಲಿ, ಆ ಮಾರ್ಚಿಯಲ್ಲೇ, ಬರ್ಲಿನ್ನಿನಲ್ಲಿ ಕ್ರಾಂತಿ ಎದ್ದಿತು. ಜನ ಬೀದಿಗೆ ಅಡ್ಡಗಟ್ಟೆ ಹಾಕಿದಾಗ ವಿರ್ಚೊ ಅವರೊಂದಿಗಿದ್ದರು. ಕ್ರಾಂತಿ ಸೋತಿತು. 1849ರಲ್ಲಿ ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯ ಕೆಲಸಕ್ಕೆ ಸಂಚಕಾರ ಬಂದು, ವುರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಹೋದರು. ನಾವು ಪಾಠದಲ್ಲಿ ಓದುವ ಜೀವಕೋಶದ ಮಾತು ಬಂದದ್ದು ಈ ಕಾಲದಲ್ಲೇ. 1856ರಲ್ಲಿ ಬರ್ಲಿನ್ ಅವರನ್ನು ಮತ್ತೆ ಕರೆಯಿತು.

1861ರಲ್ಲಿ ಜರ್ಮನ್ ಪ್ರಗತಿ ಪಕ್ಷ ಹುಟ್ಟಿತು. ಸ್ಥಾಪಕರಲ್ಲಿ ವಿರ್ಚೊ ಜೊತೆಗೆ ಇತಿಹಾಸಕಾರ ಥಿಯೊಡೋರ್ ಮೊಮ್ಸೆನ್, ವಿದ್ಯುತ್ ಉಪಕರಣಗಳಿಂದ ಹೆಸರಾದ ವರ್ನರ್ ಸೀಮೆನ್ಸ್ ಇದ್ದರು. ಜನಪ್ರತಿನಿಧಿಗಳ ಒಪ್ಪಿಗೆಯಿಲ್ಲದೆ ಸೇನೆಗೆ ಹಣ ಸುರಿಯಬಾರದು ಎಂಬುದು ಅವರ ಹಟ. 1862ರಲ್ಲಿ ಪ್ರಧಾನಮಂತ್ರಿಯಾದ ಬಿಸ್ಮಾರ್ಕ್ ಬಜೆಟ್ಟಿಗೆ ಸದನದ ಒಪ್ಪಿಗೆಯೇ ಇಲ್ಲದೆ ನಾಲ್ಕು ವರ್ಷ ಆಡಳಿತ ನಡೆಸಿಬಿಟ್ಟ. 1865ರಲ್ಲಿ ವಿರ್ಚೊ ಸದನದಲ್ಲೇ ಅವನ ಸತ್ಯನಿಷ್ಠೆಯನ್ನು ಪ್ರಶ್ನಿಸಿದಾಗ ಕೆರಳಿ ದ್ವಂದ್ವಯುದ್ಧಕ್ಕೆ ಕರೆದ. ವಿರ್ಚೊ ಒಪ್ಪಲಿಲ್ಲ.

ಇಲ್ಲೊಂದು ಕಥೆ ಸೇರಿಕೊಂಡಿದೆ. ವಿರ್ಚೊ ಎರಡು ಸಾಸೇಜು ತರಿಸಿ, ಒಂದರಲ್ಲಿ ಟ್ರೈಕಿನೆಲ್ಲ ಹುಳುಗಳಿವೆ, ಇದೇ ನನ್ನ ಆಯುಧ, ಒಂದನ್ನು ಆರಿಸಿ ತಿನ್ನಿ ಎಂದರಂತೆ! ಕೇಳಲು ಸೊಗಸು, ಆದರೆ ಆ ಕಾಲದ ದಾಖಲೆಗಳಲ್ಲಿ ಇದಕ್ಕೆ ಆಧಾರವಿಲ್ಲ. ಆಧಾರವಿರುವ ಸಂಗತಿ ಬೇರೆ: ಸರಿಯಾಗಿ ಬೇಯದ ಹಂದಿಮಾಂಸದಿಂದ ಆ ಹುಳು ಮನುಷ್ಯನಿಗೆ ಬರುತ್ತದೆಂದು ತೋರಿಸಿದವರಲ್ಲಿ ವಿರ್ಚೊ ಪ್ರಮುಖರು, ಮಾಂಸದ ತಪಾಸಣೆ ಕಡ್ಡಾಯವಾಗಬೇಕೆಂದು ಪಟ್ಟು ಹಿಡಿದವರೂ ಅವರೇ.

1866ರಲ್ಲಿ ಆಸ್ಟ್ರಿಯದ ಮೇಲೆ ಗೆದ್ದು ಬಂದ ಬಿಸ್ಮಾರ್ಕ್‌ನ ಮುಂದೆ ಉದಾರವಾದಿಗಳು ಒಡೆದರು. ಎಷ್ಟೋ ಮಂದಿ ಆ ಕಡೆ ವಾಲಿದರು. ವಿರ್ಚೊ ಹಳೆಯ ಪಕ್ಷದಲ್ಲೇ ಉಳಿದರು. 1869ರಲ್ಲಿ ನಿಶ್ಶಸ್ತ್ರೀಕರಣದ ಗೊತ್ತುವಳಿ ತಂದರು, ಅದು ಬಿದ್ದುಹೋಯಿತು. ಮರುವರ್ಷವೇ ಫ್ರಾನ್ಸಿನೊಂದಿಗೆ ಯುದ್ಧ. ದೊಡ್ಡ ಸದನದಲ್ಲಿ ವಿರ್ಚೊ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು ಎನ್ನಬೇಕು.

ಗೆದ್ದದ್ದು ನಗರಸಭೆಯಲ್ಲಿ. 1859ರಿಂದ ಅವರು ಬರ್ಲಿನ್ ನಗರಸಭೆಯ ಸದಸ್ಯರು. 1871ಕ್ಕೆ ಊರಿನ ಜನಸಂಖ್ಯೆ ಎಂಟು ಲಕ್ಷ ದಾಟಿತ್ತು. ಕೊಳಚೆ ಬೀದಿಯ ತೆರೆದ ಮೋರಿಗಳಲ್ಲಿ ನಿಲ್ಲುತ್ತಿತ್ತು, ಇಲ್ಲವೇ ಹರಿದು ಶ್ಪ್ರೀ ನದಿ ಸೇರುತ್ತಿತ್ತು. ಊರು ಚಪ್ಪಟೆ, ಇಳಿಜಾರಿಲ್ಲದ ಕಡೆ ಕೊಳವೆ ಹಾಕಿದರೂ ನೀರು ತಾನಾಗಿ ಹರಿಯುವುದೆಲ್ಲಿ? ಇಂಜಿನಿಯರ್ ಜೇಮ್ಸ್ ಹೋಬ್ರೆಕ್ಟ್ ಊರನ್ನು 12 ಭಾಗ ಮಾಡಿದರು. ಒಂದೊಂದು ಭಾಗದ ಕೊಳಚೆ ಅಲ್ಲಿನ ತಗ್ಗಿನಲ್ಲಿ ಸೇರಬೇಕು, ಅಲ್ಲಿಂದ ಪಂಪು ಅದನ್ನು ಊರಾಚೆಯ ಹೊಲಗಳಿಗೆ ನೂಕಬೇಕು, ಮಣ್ಣು ಅದನ್ನು ಸೋಸಬೇಕು, ಬೆಳೆಗೆ ಗೊಬ್ಬರವಾಗಬೇಕು. ಇಷ್ಟು ದೊಡ್ಡ ಖರ್ಚಿಗೆ ನಗರಸಭೆಯನ್ನು ಒಪ್ಪಿಸುವ ಹೊಣೆ ಹೊತ್ತವರು ವಿರ್ಚೊ. ಸಾವಿನ ಲೆಕ್ಕ, ಅಂತರ್ಜಲದ ಮಟ್ಟ, ಮಣ್ಣಿನ ಗುಣ, ಎಲ್ಲವನ್ನೂ ಮುಂದಿಟ್ಟು ವಾದಿಸಿದರು. 1873ರಲ್ಲಿ ಕೆಲಸ ಶುರುವಾಯಿತು. ನಗರಸಭೆಯದೇ ಆದ ಮೊದಲ ದೊಡ್ಡ ಆಸ್ಪತ್ರೆ 1874ರಲ್ಲಿ ಬಾಗಿಲು ತೆರೆದದ್ದರ ಹಿಂದೆಯೂ ಅವರಿದ್ದರು.

ಜರ್ಮನಿಯ ಶಾಲಾ ಮಕ್ಕಳ ಕೂದಲು, ಕಣ್ಣು, ಚರ್ಮದ ಬಣ್ಣದ ಗಣತಿ ಇನ್ನೊಂದು ಸಾಹಸ. ಉಪಾಧ್ಯಾಯರ ಮೂಲಕ ಸುಮಾರು 67 ಲಕ್ಷ ಮಕ್ಕಳ ವಿವರ ಬಂತು. ಹೊಂಬಣ್ಣದ ಕೂದಲು, ನೀಲಿ ಕಣ್ಣಿನ ‘ಅಪ್ಪಟ ಜರ್ಮನ್’ ರೂಪದವರು ಮೂರರಲ್ಲಿ ಒಂದು ಪಾಲೂ ಇರಲಿಲ್ಲ. ಯಹೂದಿ ಮಕ್ಕಳಲ್ಲೇ ಶೇಕಡಾ 11ರಷ್ಟು ಮಂದಿ ಆ ರೂಪದವರಿದ್ದರು! ಯಹೂದಿ ದ್ವೇಷ ಹಬ್ಬಿಸುತ್ತಿದ್ದ ಆಸ್ಥಾನ ಪಾದ್ರಿ ಅಡಾಲ್ಫ್ ಶ್ಟೋಕರ್‌ನನ್ನು ವಿರ್ಚೊ 1881ರ ಚುನಾವಣೆಯಲ್ಲಿ ಬರ್ಲಿನ್ನಿನಲ್ಲಿ ಸೋಲಿಸಿಯೂ ಇದ್ದರು.

ಎಡವಿದ್ದೂ ಉಂಟು. ಹೆರಿಗೆ ಮಾಡಿಸುವ ವೈದ್ಯರು ಕೈ ತೊಳೆಯಬೇಕೆಂದ ಸೆಮ್ಮೆಲ್‌ವೈಸ್‌ನ ಮಾತಿಗೆ ವಿರ್ಚೊ ಬೆಲೆ ಕೊಡಲಿಲ್ಲ. ನಿಯಾಂಡರ್ತಾಲ್ ಬುರುಡೆಯನ್ನು ರೋಗದಿಂದ ವಿಕಾರಗೊಂಡದ್ದೆಂದು ತಳ್ಳಿದರು. 1887ರಲ್ಲಿ ಯುವರಾಜ ಫ್ರೆಡರಿಕ್‌ನ ಗಂಟಲಿನಿಂದ ತೆಗೆದ ಚೂರು ಅವರ ಸೂಕ್ಷ್ಮದರ್ಶಕದ ಕೆಳಗೆ ಬಂತು. ಅದರಲ್ಲಿ ಕ್ಯಾನ್ಸರ್ ಕಾಣಲಿಲ್ಲ ಎಂದು ವರದಿ ಕೊಟ್ಟರು. ಅವರು ನೋಡಿದ್ದು ಆ ಚೂರನ್ನು ಮಾತ್ರ. ಉದಾರವಾದಿಗಳೆಲ್ಲ ಭರವಸೆಯಿಟ್ಟು ಕಾಯುತ್ತಿದ್ದ ಆ ದೊರೆ 1888ರಲ್ಲಿ ಪಟ್ಟಕ್ಕೆ ಬಂದು 99 ದಿನಕ್ಕೇ ಕ್ಯಾನ್ಸರಿನಿಂದ ಸತ್ತ.

ಸಾಮ್ರಾಜ್ಯದ ಸಂಸತ್ತಿನಲ್ಲಿ ವಿರ್ಚೊ ಇದ್ದದ್ದು 1880ರಿಂದ 1893ರವರೆಗೆ. 1902ರ ಜನವರಿ 4ರಂದು, ಎಂಬತ್ತರ ವಯಸ್ಸಿನಲ್ಲಿ, ಓಡುತ್ತಿದ್ದ ಟ್ರಾಮಿನಿಂದ ಹಾರಿ ಇಳಿಯಲು ಹೋಗಿ ತೊಡೆಯ ಮೂಳೆ ಮುರಿದುಕೊಂಡರು. ಚೇತರಿಸಿಕೊಳ್ಳಲಿಲ್ಲ. ಸೆಪ್ಟೆಂಬರ್ 5ರಂದು ತೀರಿಕೊಂಡಾಗ ಅವರಿನ್ನೂ ಬರ್ಲಿನ್ ನಗರಸಭೆಯ ಸದಸ್ಯರೇ ಆಗಿದ್ದರು.