ನೆಚ್ಚುವ ಮಾತು

ಮೊನ್ನೆ ಉತ್ತರಪತ್ರಿಕೆಗಳನ್ನು ತಿದ್ದಲು ಕುಳಿತಿದ್ದಾಗ ನನಗೂ ಒಬ್ಬ ಹಿರಿಯ ಪರೀಕ್ಷಕರಿಗೂ ಒಂದು ಅಂಕದ ವಿಷಯದಲ್ಲಿ ಚಕಮಕಿ ನಡೆಯಿತು. ಭಾಷಾಂತರದ ಪ್ರಶ್ನೆ. ‘ರಿಲಯಬಲ್’ ಎಂಬ ಮಾತಿಗೆ ಎಲ್ಲರೂ ಒಂದೇ ಅಚ್ಚಿನಲ್ಲಿ ‘ವಿಶ್ವಾಸಾರ್ಹ’ ಎಂದಿದ್ದರು; ಒಂದು ಪತ್ರಿಕೆಯಲ್ಲಿ ಮಾತ್ರ ‘ನೆಚ್ಚಿಕೊಳ್ಳಬಹುದಾದ ಮನುಷ್ಯ’ ಎಂದಿತ್ತು. ಹಿರಿಯರು ಕೆಂಪು ಗೀಟೆಳೆದರು. “ನೆಚ್ಚಿನ ಅಂದರೆ ಮೆಚ್ಚಿನ ಅಂತಲ್ಲವೇನ್ರೀ? ಸಿನಿಮಾ ಪೋಸ್ಟರಿನ ಭಾಷೆ ಇದು.”

ಪೋಸ್ಟರು ಬರೆಯುವವರು ‘ನೆಚ್ಚಿನ ನಟ’ ಎಂದು ಬರೆದು ಬರೆದು ಆ ಪದದ ಬೆನ್ನೆಲುಬನ್ನು ಸವೆಸಿದ್ದಾರೆಂಬುದು ನಿಜ. ಆದರೆ 1894ರ ಕಿಟೆಲ್ಲರ ನಿಘಂಟನ್ನು ತೆರೆದವರಿಗೆ ‘ನೆಚ್ಚು’ ಎಂದರೆ ನಂಬು, ಭಾರ ಹಾಕು ಎಂಬುದು ತಿಳಿಯುತ್ತದೆ. ನಿಘಂಟೂ ಬೇಡ. ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ಓಲ್ಡ್ ಟೌನಿನಲ್ಲಿ. “ಈ ಬಿಸಿಲು ನೆಚ್ಚಿಕೊಂಡು ಹಪ್ಪಳ ಹಾಕೋ ಹಾಗಿಲ್ಲ” ಎಂದು ನಮ್ಮ ತಾಯಿ ಆಕಾಶ ನೋಡಿ ಹೇಳುತ್ತಿದ್ದರು. ಅಲ್ಲಿ ‘ಬಿಸಿಲು ವಿಶ್ವಾಸಾರ್ಹವಲ್ಲ’ ಎಂದು ಹಾಕಿ ನೋಡಿ, ನಗು ಬರುತ್ತದೆ.

‘ವಿಶ್ವಾಸ’ವೆಂಬುದಕ್ಕೆ ನಮ್ಮ ಮನೆಗಳಲ್ಲಿ ಬೇರೆಯೇ ಒಂದು ಬದುಕುಂಟು. “ಬಹಳ ವಿಶ್ವಾಸದಿಂದ ಮಾತಾಡಿಸಿದರು” ಎಂದರೆ ಪ್ರೀತಿಯಿಂದ ಎಂದೇ ಅರ್ಥ. ನನಗೆ ತುಂಬ ವಿಶ್ವಾಸದ ಗೆಳೆಯನೊಬ್ಬನಿದ್ದಾನೆ. ಹತ್ತಕ್ಕೆ ಬರುತ್ತೇನೆಂದರೆ ಹನ್ನೆರಡಕ್ಕೂ ಬರುವವನಲ್ಲ. ಅವನನ್ನು ನೆಚ್ಚಿಕೊಂಡು ರೈಲಿಗೆ ಹೊರಡಲಾದೀತೆ?

ಇದಕ್ಕೆ ತದ್ವಿರುದ್ಧವಾದದ್ದು ಕಾರ್ಖಾನೆಯ ಸೈರನ್ನು. ನನ್ನ ಬಾಲ್ಯದಲ್ಲಿ ಆ ಕರ್ಕಶ ಕೂಗಿನ ಮೇಲೆ ಯಾರಿಗೂ ಪ್ರೀತಿಯಿರಲಿಲ್ಲ, ಆದರೆ ನಮ್ಮ ತಂದೆ ಅದು ಕೂಗಿದಾಗ ಗಡಿಯಾರ ತಿದ್ದುತ್ತಿದ್ದರು. ಅದೇ ನೆಚ್ಚಿಕೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಆ ಕಾರ್ಖಾನೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತು, 1998ರಲ್ಲಿ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರ ಹೊರಬಿತ್ತು. ನಡುವೆಯೂ ಆಮೇಲೆಯೂ ಊರಿಗೆ ‘ಭರವಸೆ’ಗಳು ಬಂದವು. ಈ ಪದದ ಗುಣ ನೋಡಿ: ಭರವಸೆಯನ್ನು ಕೊಡಬಹುದು, ಹೂಮಾಲೆಯ ಹಾಗೆ ವೇದಿಕೆಯಿಂದಲೇ ಎಸೆಯಬಹುದು. ‘ವಿಶ್ವಾಸಾರ್ಹ’ವೂ ಅಂಥದೇ, ಯಾವ ಅಂಗಡಿಯೂ ತನ್ನ ಬೋರ್ಡಿಗೆ ತಾನೇ ಬರೆದುಕೊಳ್ಳುತ್ತದೆ. ‘ನೆಚ್ಚು’ ಕ್ರಿಯೆಗೆ ಕರ್ತೃ ಮಾತ್ರ ಯಾವಾಗಲೂ ಆಚೆಯವನು. ಸಂಬಳದ ದಿನವನ್ನು ನೆಚ್ಚಿ ದಿನಸಿ ಅಂಗಡಿಯಲ್ಲಿ ಬರೆಸಿ ತಂದವನು, ಆ ಸಾಲವನ್ನು ನೆಚ್ಚಿ ಅಕ್ಕಿಮೂಟೆ ತರಿಸಿದ ಅಂಗಡಿಯವನು. ಭಾರ ಹಾಕಿದವನಿಗಲ್ಲದೆ ಕಂಬದ ಗಟ್ಟಿ ಇನ್ನಾರಿಗೆ ಗೊತ್ತು?

ವಿಜ್ಞಾನದ ಪುಸ್ತಕಗಳಲ್ಲಿ ‘ವಿಶ್ವಾಸಾರ್ಹತೆ’ ಪಾರಿಭಾಷಿಕವಾಗಿ ನಿಂತಿದೆ, ಇರಲಿ. ಅದನ್ನು ಕಿತ್ತುಹಾಕಲು ನಾನು ಹೊರಟಿಲ್ಲ. ಆದರೆ ಮನುಷ್ಯನ ವಿಷಯದಲ್ಲಿ ಮನೆಯ ಮಾತನ್ನು ಬರೆದ ಹುಡುಗನಿಗೋ ಹುಡುಗಿಗೋ ಕನ್ನಡದ ಪರೀಕ್ಷೆಯಲ್ಲೇ ಅಂಕ ಕಳೆಯುವುದು ಯಾವ ನ್ಯಾಯ? ಹಿರಿಯರೊಡನೆ ಇಷ್ಟನ್ನೂ ನಾನು ವಾದಿಸಿದೆನೆಂದು ವಾಚಕರು ಭಾವಿಸಬೇಡಿ. ಎರಡು ಮಾತಾಡಿದೆ, ಊಟದ ಗಂಟೆ ಹೊಡೆಯಿತು. ಆ ಅಂಕಪಟ್ಟಿಯ ಕೆಳಗೆ ನನ್ನ ಸಹಿಯೂ ಇದೆ.