ಖಾಲಿ ಹೊಟ್ಟೆಯ ಬೆಳಗು

ಬೆಳಗಿನ ಏಳೂವರೆಯ ಹೊತ್ತಿಗೆ ಹರಿಹರದ ಬಸ್ಸು ನಿಲ್ದಾಣದಲ್ಲಿ ಪುಸ್ತಕದ ಚೀಲ ಹೊತ್ತ ತರುಣ ತರುಣಿಯರ ಗುಂಪು ನೆರೆದಿರುತ್ತದೆ. ಸುಮಾರು ಹದಿನಾಲ್ಕು ಕಿಲೋಮೀಟರ್ ದೂರದ ದಾವಣಗೆರೆಯ ಕಾಲೇಜುಗಳಿಗೆ ಹೊರಟವರು ಇವರು. ಇವರಲ್ಲಿ ಎಷ್ಟು ಮಂದಿ ಹೊಟ್ಟೆಗೆ ಏನಾದರೂ ಹಾಕಿಕೊಂಡು ಮನೆ ಬಿಟ್ಟಿದ್ದಾರೆ ಎಂಬುದನ್ನು ತಿಳಿಯಬೇಕಾದರೆ ಅವರವರ ಮನೆಯ ಹೊಸ್ತಿಲಲ್ಲಿ ನಿಂತು ಕೇಳಬೇಕು.

“ಎರಡು ತುತ್ತು ತಿಂದ್ಕೊಂಡು ಹೋಗವ್ವಾ, ಉಪ್ಪಿಟ್ಟು ಆಗೇತಿ.”

“ಬಸ್ಸು ಹೋಗ್ತತಿ ಅಮ್ಮಾ, ಕಾಲೇಜಿನಾಗೆ ಏನಾರ ತಿಂತೀನಿ.”

ಮಗಳು ಹೋಗಿಯೇ ಬಿಡುತ್ತಾಳೆ. ತಂದೆ ಪತ್ರಿಕೆಯಿಂದ ತಲೆಯೆತ್ತದೆ, “ನಾಷ್ಟಾ ಬಿಟ್ಟರೆ ಆರೋಗ್ಯ ಕೆಡ್ತತಿ” ಎಂದು ತೀರ್ಪು ಕೊಡುತ್ತಾರೆ. ತಾಯಿಯೂ ಇನ್ನೂ ಏನೂ ತಿಂದಿಲ್ಲ. ಆದರೆ ಅದು ಯಾರ ಗಮನಕ್ಕೂ ಬಂದಿಲ್ಲ.

ತಂದೆಯ ತೀರ್ಪು ಎಷ್ಟರಮಟ್ಟಿಗೆ ಸರಿ?

ಬೆಳಗಿನ ತಿಂಡಿ ಅನಾದಿಯಿಂದ ಬಂದ ನಿಯಮವೆಂದು ಅನೇಕರ ಭಾವನೆ. ವಾಸ್ತವವಾಗಿ ಈ ವಿಷಯದಲ್ಲಿ ಮನೆಗೊಂದು ಪದ್ಧತಿಯಿತ್ತು. ಹೊಲಕ್ಕೆ ಹೊರಡುವ ರೈತ ರಾತ್ರಿಯ ತಂಗಳು ರೊಟ್ಟಿಯನ್ನೋ ಅಂಬಲಿಯನ್ನೋ ಮುಗಿಸಿಯೇ ಎತ್ತು ಹೂಡುತ್ತಿದ್ದನು. ಮಡಿಯ ಮನೆಗಳಲ್ಲಿ ಸ್ನಾನ ಪೂಜೆಗಳು ಮುಗಿದು ಹತ್ತು ಗಂಟೆಗೆ ಎಲೆ ಹಾಕಿದಾಗಲೇ ದಿನದ ಮೊದಲ ಅನ್ನ. ಹಿಂದಿನ ಊಟ ಜೀರ್ಣವಾದ ಮೇಲೆಯೇ ಮುಂದಿನ ಊಟ ಎಂಬುದು ಆಯುರ್ವೇದದ ನಿಯಮ. ಅದರಲ್ಲಿ ಗಡಿಯಾರದ ಪ್ರಸ್ತಾಪವಿಲ್ಲ. ಶಾಲೆಯ ಗಂಟೆ, ಕಚೇರಿಯ ಹಾಜರಿ ಪುಸ್ತಕ, ಗಿರಣಿಯ ಪಾಳಿ, ಕಾಫಿ ಹೋಟೆಲು ಇವೆಲ್ಲ ಸೇರಿ ಪಟ್ಟಣದ ಮನೆಗಳಿಗೆ ಇಂದಿನ ತಿಂಡಿಯನ್ನು ತಂದವು.

ದಾವಣಗೆರೆಯ ಬೆಣ್ಣೆ ದೋಸೆಯ ಕಥೆಯೂ ಅಂಥದೇ. 1928ರ ಸುಮಾರಿಗೆ ಬೆಳಗಾವಿಯ ಕಡೆಯಿಂದ ಮಕ್ಕಳೊಡನೆ ಬಂದ ಚೆನ್ನಮ್ಮ ಎಂಬಾಕೆ ರಾಗಿ ದೋಸೆ ಹೊಯ್ದು ಮಾರತೊಡಗಿದರೆಂದೂ, ಮುಂದೆ ಆಕೆಯ ಮಕ್ಕಳು ಅಕ್ಕಿ, ಉದ್ದು, ಮಂಡಕ್ಕಿ ಸೇರಿಸಿ ರುಬ್ಬಿದ ಹಿಟ್ಟಿಗೆ ಬೆಣ್ಣೆ ಹಾಕಿ ಇಂದಿನ ರೂಪಕ್ಕೆ ತಂದರೆಂದೂ ಊರಿನವರು ಹೇಳುತ್ತಾರೆ. ಗಿರಣಿಗಳು ಬೆಳೆದು ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರಿನಲ್ಲಿ ದುಡಿಯುವವನಿಗೆ ಅದು ಒಪ್ಪುವ ಆಹಾರವೇ ಆಗಿತ್ತು. ಗಿರಣಿಗಳ ಆ ವೈಭವ ಹೋಯಿತು, ದೋಸೆ ಉಳಿಯಿತು. ಇಂದು ಅದನ್ನು ತಿನ್ನುವವರಲ್ಲಿ ಹೆಚ್ಚಿನವರು ತಿಂದ ಮೇಲೆ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವವರು. ಒಂದು ದೊಡ್ಡ ಚಮಚ ಬೆಣ್ಣೆಯಲ್ಲಿಯೇ ಸುಮಾರು 100 ಕ್ಯಾಲೊರಿ ಇರುತ್ತದೆ. ಖಾಲಿ ದೋಸೆಯಾದರೂ ಓಪನ್ ದೋಸೆಯಾದರೂ ಕಾವಲಿಯ ಮುಂದೆ ನಿಂತವನು ಒಂದೇ ಚಮಚಕ್ಕೆ ಕೈ ನಿಲ್ಲಿಸುವುದನ್ನು ಕಂಡವರು ವಿರಳ.

ತಿಂಡಿಯೇ ದಿನದ ಅತಿ ಮುಖ್ಯ ಆಹಾರವೆಂಬ ಘೋಷಣೆಗೆ ಇಷ್ಟು ಬಲ ಬಂದದ್ದಾದರೂ ಎಲ್ಲಿಂದ? ಬಹುಮಟ್ಟಿಗೆ ಅಮೆರಿಕೆಯಿಂದ. ಕಾರ್ನ್ ಫ್ಲೇಕ್ಸ್ ಹುಟ್ಟಿದ ಬ್ಯಾಟಲ್ ಕ್ರೀಕ್‌ನ ಆರೋಗ್ಯಧಾಮವು ಅದನ್ನು ಪ್ರಚಾರಕ್ಕೆ ತಂದ ಸ್ಥಳಗಳಲ್ಲೊಂದು. ಅನಂತರ 1920ರ ದಶಕದಲ್ಲಿ ಎಡ್ವರ್ಡ್ ಬರ್ನೇಸ್ ಎಂಬ ಪ್ರಚಾರ ಚತುರನು, ಹಂದಿಮಾಂಸ ಮಾರುವ ಕಂಪನಿಯೊಂದರ ಪರವಾಗಿ ಸಾವಿರಾರು ವೈದ್ಯರಿಂದ ‘ಬೆಳಿಗ್ಗೆ ಭಾರಿಯಾಗಿ ತಿನ್ನುವುದು ಒಳಿತು’ ಎಂಬ ಅಭಿಪ್ರಾಯವನ್ನು ತರಿಸಿ ಪತ್ರಿಕೆಗಳಲ್ಲಿ ಹರಡಿಸಿದನು. ವ್ಯಾಪಾರಿಯ ಬಾಯಿಂದ ಬಂದ ಮಾತ್ರಕ್ಕೆ ಒಂದು ಮಾತು ಸುಳ್ಳಾಗುವುದಿಲ್ಲ ನಿಜ. ಆದರೆ ಅದನ್ನು ಒರೆಗೆ ಹಚ್ಚಿ ನೋಡಬೇಕಾಗುತ್ತದೆ.

ಹಾಗೆ ನೋಡಿದವರಿದ್ದಾರೆ. ತಿಂಡಿ ಬಿಡುವವರಲ್ಲಿ ಸ್ಥೂಲಕಾಯರು ಹೆಚ್ಚೆಂದು ಬಹುಕಾಲ ಹೇಳಲಾಗುತ್ತಿತ್ತು. ಆದರೆ ತಿಂಡಿ ಬಿಡುವವರಲ್ಲಿ ತಡರಾತ್ರಿ ಉಣ್ಣುವವರು, ಧೂಮಪಾನಿಗಳು, ವ್ಯಾಯಾಮವಿಲ್ಲದವರೂ ಹೆಚ್ಚು. ದೋಷ ತಿಂಡಿ ಬಿಟ್ಟದ್ದರದೋ ಉಳಿದ ಅಭ್ಯಾಸಗಳದೋ ಹೇಳುವುದು ಕಷ್ಟ. 2019ರಲ್ಲಿ ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು, ಜನರನ್ನು ಎರಡು ಗುಂಪು ಮಾಡಿ ಒಂದಕ್ಕೆ ತಿಂಡಿ ಕೊಟ್ಟು ಇನ್ನೊಂದಕ್ಕೆ ಕೊಡದೆ ನಡೆಸಿದ 13 ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ತಿಂಡಿ ತಿಂದವರು ದಿನಕ್ಕೆ ಸುಮಾರು 260 ಕ್ಯಾಲೊರಿ ಹೆಚ್ಚಾಗಿ ಸೇವಿಸಿದ್ದರು. ಅವರ ತೂಕವೂ ಸರಾಸರಿ ಅರ್ಧ ಕಿಲೋಗ್ರಾಮಿನಷ್ಟು ಹೆಚ್ಚಿತ್ತು. ಆ ಪ್ರಯೋಗಗಳು ಅಲ್ಪಾವಧಿಯವು, ಬಹಳ ಗಟ್ಟಿಯವೂ ಅಲ್ಲ. ಆದರೂ ತೂಕ ಇಳಿಯಲೆಂದು ಹಸಿವಿಲ್ಲದವರು ಬಲವಂತವಾಗಿ ತಿನ್ನಬೇಕಾಗಿಲ್ಲ ಎಂಬಷ್ಟಕ್ಕೆ ಅವು ಸಾಕು.

ಇದಕ್ಕೆ ಕಾರಣ ದೇಹದ ಉಗ್ರಾಣದಲ್ಲಿದೆ. ಯಕೃತ್ತು ಹಗಲಿನ ಊಟದಿಂದ ಸಕ್ಕರೆಯನ್ನು ಕೂಡಿಟ್ಟುಕೊಂಡು ರಾತ್ರಿಯಿಡೀ ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಬಿಡುತ್ತದೆ. ಬೆಳಗಾಗುವ ಹೊತ್ತಿಗೆ ಆ ದಾಸ್ತಾನು ಕುಗ್ಗಿದ್ದರೂ, ದೇಹವು ಕೊಬ್ಬನ್ನು ಉರಿಸಿಕೊಂಡು, ಹೊಸದಾಗಿ ಸಕ್ಕರೆ ತಯಾರಿಸಿಕೊಂಡು ಮಧ್ಯಾಹ್ನದವರೆಗೆ ಸಂಸಾರ ತೂಗಿಸಬಲ್ಲದು. ರಾತ್ರಿ ಹತ್ತು ಗಂಟೆಗೆ ಚೆನ್ನಾಗಿ ಉಂಡ, ಮೈಯಲ್ಲಿ ಸಾಕಷ್ಟು ಶೇಖರಣೆಯಿರುವ, ಆರೋಗ್ಯವಂತನಾದ ಗೃಹಸ್ಥನು ಒಂದು ಹೊತ್ತು ತಿಂಡಿ ಬಿಟ್ಟರೆ ಕೆಡುಕೇನೂ ಆಗದು. ಪತ್ರಿಕೆ ಓದುತ್ತಿದ್ದ ತಂದೆಗೆ ಇದು ಅನ್ವಯಿಸಬಹುದು.

ಅವರಿಗೆ ಮಧುಮೇಹವಿದ್ದರೆ ಮಾತು ಬೇರೆ. ಸಕ್ಕರೆಯನ್ನು ಇಳಿಸುವ ಕೆಲವು ಮಾತ್ರೆಗಳನ್ನಾಗಲಿ ಇನ್ಸುಲಿನ್ನನ್ನಾಗಲಿ ತೆಗೆದುಕೊಂಡು ತಿಂಡಿ ಮರೆತವನಿಗೆ ರಕ್ತದ ಸಕ್ಕರೆ ಒಮ್ಮೆಲೆ ಕುಸಿದು, ಬೆವರು, ನಡುಕ, ಕಣ್ಣು ಕತ್ತಲೆ ಬಂದು ಜ್ಞಾನವೇ ತಪ್ಪಬಹುದು. ಇನ್ನೊಂದು ಕಡೆ, 2015ರಲ್ಲಿ ಪ್ರಕಟವಾದ ಇಸ್ರೇಲಿನ ಸಂಶೋಧನೆಯೊಂದರಲ್ಲಿ, ತಿಂಡಿ ಬಿಟ್ಟ ದಿನ ಮಧುಮೇಹಿಗಳ ರಕ್ತದ ಸಕ್ಕರೆ ಮಧ್ಯಾಹ್ನ ಮತ್ತು ರಾತ್ರಿಯ ಊಟದ ಅನಂತರ ಮಾಮೂಲಿಗಿಂತ ಬಹಳ ಮೇಲೇರಿತ್ತು. ಭಾರತದಲ್ಲಿ ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು 2023ರ ಅಂದಾಜು ಹೇಳುವಾಗ ಇದನ್ನು ಅಪರೂಪದ ಮನೆಯ ಸಂಗತಿಯೆಂದು ತಳ್ಳಿಹಾಕುವಂತಿಲ್ಲ.

ಮಕ್ಕಳ ವಿಷಯ ಇನ್ನೂ ಗಂಭೀರವಾದುದು. ಅವರ ಯಕೃತ್ತು ಚಿಕ್ಕದು, ಮೆದುಳಿನ ಬೇಡಿಕೆ ದೊಡ್ಡದು. ಜಮೈಕಾ ದ್ವೀಪದಲ್ಲಿ ಒಂಬತ್ತು ಹತ್ತು ವರ್ಷದ ಮಕ್ಕಳನ್ನು ರಾತ್ರಿ ಉಳಿಸಿಕೊಂಡು, ಒಂದು ದಿನ ತಿಂಡಿ ಕೊಟ್ಟು, ಇನ್ನೊಂದು ದಿನ ಕೊಡದೆ ಬುದ್ಧಿಯ ಪರೀಕ್ಷೆಗಳನ್ನು ಮಾಡಿದ ವರದಿ 1989ರಲ್ಲಿ ಬಂತು. ಪುಷ್ಟಿಯಾಗಿ ಬೆಳೆದ ಮಕ್ಕಳು ತಿಂಡಿಯಿಲ್ಲದೆಯೂ ಹಿಂದೆ ಬೀಳಲಿಲ್ಲ. ಬಡಕಲಾದ ಮಕ್ಕಳು ಮಾತ್ರ ಎಡವಿದರು. ಹಸಿವಿನ ದಂಡ ಎಲ್ಲರಿಗೂ ಒಂದೇ ಸಮನಲ್ಲ. ಕೂಡಿಟ್ಟದ್ದು ಕಡಿಮೆಯಿದ್ದವರಿಗೆ ಅದು ಹೆಚ್ಚು. ಕರ್ನಾಟಕದಲ್ಲಿ ಶಾಲಾ ಮಕ್ಕಳಿಗೆ ಬಿಸಿ ಹಾಲು ಕೊಡುವ ಕ್ಷೀರಭಾಗ್ಯವು 2013ರ ಆಗಸ್ಟಿನಲ್ಲಿ ಆರಂಭವಾದುದಕ್ಕೂ, ನೆರೆಯ ತಮಿಳುನಾಡಿನಲ್ಲಿ 2022ರಿಂದ ಶಾಲೆಯಲ್ಲೇ ಬೆಳಗಿನ ತಿಂಡಿ ಬಡಿಸತೊಡಗಿದುದಕ್ಕೂ ಅರ್ಥವಿದೆ.

ಬಸ್ಸು ಹತ್ತಿದ ಮಗಳಿಗೆ ಉಪ್ಪಿಟ್ಟೇ ಆಗಬೇಕೆಂದಿಲ್ಲ. ಒಂದು ಬಾಳೆಹಣ್ಣು, ಒಂದು ಹಿಡಿ ಹುರಿದ ಶೇಂಗಾ ಚೀಲದಲ್ಲಿದ್ದರೆ ಸಾಕು. ದಾವಣಗೆರೆಯ ಭಟ್ಟಿಗಳಿಂದ ಬರುವ ಮಂಡಕ್ಕಿಯಾದರೂ ಆಗಬಹುದು. ಆದರೆ ಬರಿಯ ಮಂಡಕ್ಕಿ ಗಾಳಿ ತುಂಬಿದ ಅಕ್ಕಿಯೇ ಸರಿ, ಬೇಗ ಕರಗಿ ಬೇಗ ಹಸಿವು ತರುತ್ತದೆ. ಹುರಿಗಡಲೆ, ಶೇಂಗಾ, ಈರುಳ್ಳಿ ಬಿದ್ದಾಗ ಅದಕ್ಕೆ ಬಲ ಬರುತ್ತದೆ. ಮೆಣಸಿನಕಾಯಿ ಬಜ್ಜಿಯನ್ನು ಸಂಜೆಗೆ ಬಿಡುವುದು ಲೇಸು.

ಉಳಿದವರು ತಾಯಿ. ಐದು ಗಂಟೆಗೆ ಎದ್ದು, ಕಾಫಿ ಕುಡಿದು, ಡಬ್ಬಿಗಳನ್ನು ಕಟ್ಟಿ, ಎಲ್ಲರನ್ನೂ ಕಳುಹಿಸಿ, ಪಾತ್ರೆ ತಿಕ್ಕಿ, ಸ್ನಾನ ಮಾಡಿ, ಹನ್ನೊಂದಕ್ಕೆ ಅವರು ತಟ್ಟೆಯ ಮುಂದೆ ಕುಳಿತುಕೊಳ್ಳುತ್ತಾರೆ. ಆ ವೇಳೆಗೆ ಎರಡನೆಯ ಲೋಟ ಕಾಫಿಯೂ ಆಗಿ ಹಸಿವು ಸತ್ತಿರುತ್ತದೆ. ಪಾತ್ರೆಯ ತಳದ ಆರಿದ ಉಪ್ಪಿಟ್ಟು ಅವರ ಪಾಲು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಅದಕ್ಕೆ ಕಾರಣಗಳು ಹಲವು. ಕಡೆಗೆ ಉಣ್ಣುವುದು, ಉಳಿದದ್ದನ್ನು ಉಣ್ಣುವುದು ಅವುಗಳಲ್ಲಿ ಸೇರಿದೆ. ಊಟದೊಡನೆಯೇ ಕುಡಿದ ಕಾಫಿ, ಚಹಾಗಳು ಆಹಾರದ ಕಬ್ಬಿಣಾಂಶ ಮೈಗೆ ಹತ್ತುವುದನ್ನು ತಡೆಯುತ್ತವೆ. ಕಾಫಿಯನ್ನು ತಿಂಡಿಯಾದ ಒಂದು ಗಂಟೆಯ ಮೇಲೆ ಕುಡಿದು, ಉಪ್ಪಿಟ್ಟಿಗೆ ಒಂದಿಷ್ಟು ಸೊಪ್ಪು ಹಾಕಿ ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಸುಲಭವಾಗಿ ಸೇರುತ್ತದೆ. ಎಂಟು ಗಂಟೆಗೆ, ಪತ್ರಿಕೆ ಮಡಿಸಿಟ್ಟು ತಂದೆಯೇ ಎರಡು ತಟ್ಟೆ ಹಾಕಿದರೆ ಇದಾವುದೂ ಕಷ್ಟವಲ್ಲ.