ಕಾಯವನ್ನು ಕೆಡಿಸುವ ದುಡಿಮೆ ಕಾಯಕವಲ್ಲ

ಹನ್ನೆರಡನೆಯ ಶತಮಾನದ ಶಿವಶರಣರು ಲೋಕಕ್ಕೆ ಕೊಟ್ಟ ತತ್ತ್ವಗಳಲ್ಲಿ ಕಾಯಕವು ಅಗ್ರಗಣ್ಯವಾದುದು. ಆದರೆ ಇಂದು ಅದರಷ್ಟು ದುರುಪಯೋಗಕ್ಕೆ ಈಡಾದ ಶರಣರ ಪದ ಬೇರೊಂದಿಲ್ಲ. ಹಗಲಿರುಳೆನ್ನದೆ ಕಚೇರಿಗಾಗಿ ದುಡಿದು ಮೈ ಕೆಡಿಸಿಕೊಂಡವರನ್ನು ಕಾಯಕಯೋಗಿಗಳೆಂದು ಹೊಗಳುವುದು ರೂಢಿಯಾಗಿದೆ. ಕಾಯಕವನ್ನು ಕೈಲಾಸಕ್ಕೆ ಸಮನಾಗಿಸಿದ ಮಾತನ್ನು ಗೋಡೆಗೆ ತೂಗುಹಾಕಿ, ಅದರ ಕೆಳಗೇ ದುಡಿಯುವವರ ನಿದ್ರೆಯನ್ನು ಕಸಿಯುವುದು ಶರಣತತ್ತ್ವವಲ್ಲ, ಅದರ ಅಪಹಾಸ್ಯ.

ಬೆಂಗಳೂರಿನ ಬಸವನಗುಡಿಗೆ ಹೆಸರು ಬಂದುದು ಅಲ್ಲಿನ ದೊಡ್ಡ ಬಸವಣ್ಣನ ಗುಡಿಯಿಂದ. ಕಾರ್ತಿಕ ಮಾಸದ ಕಡೆಯ ಸೋಮವಾರ ಅಲ್ಲಿ ಕಡಲೆಕಾಯಿ ಪರಿಷೆ ನೆರೆಯುತ್ತದೆ. ಸೋಮವಾರ ಬಸವನ ದಿನ; ಆ ದಿನ ಎತ್ತಿನ ಹೆಗಲಿಗೆ ನೊಗವಿಡಬಾರದೆಂಬುದು ನಾಡಿನ ರೈತರು ತಲೆಮಾರುಗಳಿಂದ ಪಾಲಿಸಿಕೊಂಡು ಬಂದ ನಿಯಮ. ಎತ್ತು ದುಡಿಯಬೇಕಾದರೆ ಮೊದಲು ಎತ್ತು ಉಳಿಯಬೇಕು ಎಂಬುದು ಅಕ್ಷರವರಿಯದ ರೈತನಿಗೂ ತಿಳಿದಿತ್ತು. ಅದೇ ಬಸವನಗುಡಿಯಿಂದ ಬೆಳಗ್ಗೆ ಎಲೆಕ್ಟ್ರಾನಿಕ್ ಸಿಟಿಗೆ ಹೊರಟು, ರಾತ್ರಿ ಮನೆ ಸೇರಿದ ಮೇಲೂ ಲ್ಯಾಪ್‌ಟಾಪ್ ಮುಚ್ಚದ ತರುಣನಿಗೆ ಎತ್ತಿಗಿದ್ದ ಆ ಸೋಮವಾರವೂ ಇಲ್ಲ! 1898ರ ಪ್ಲೇಗಿನ ಹಾವಳಿಯ ಹಿನ್ನೆಲೆಯಲ್ಲಿ, ಜನರಿಗೆ ಗಾಳಿ ಬೆಳಕು ದೊರೆಯಲೆಂದು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. ಆರೋಗ್ಯಕ್ಕಾಗಿ ಕಟ್ಟಿದ ಆ ಬೀದಿಗಳಲ್ಲಿ ಅರ್ಧ ಗಂಟೆ ನಡೆಯಲು ಬಿಡುವಿಲ್ಲದವರು ಇಂದು ವಾಸಿಸುತ್ತಿದ್ದಾರೆ.

2023ರ ಅಕ್ಟೋಬರಿನಲ್ಲಿ ಎನ್.ಆರ್. ನಾರಾಯಣ ಮೂರ್ತಿಯವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. ಐದು ದಿನಕ್ಕೆ ಹಂಚಿದರೆ ಅದು ದಿನಕ್ಕೆ 14 ಗಂಟೆ. 2024ರ ಜುಲೈನಲ್ಲಿ ಐ.ಟಿ. ವಲಯದ ದುಡಿಮೆಯನ್ನು ದಿನಕ್ಕೆ 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾಪವೇ ರಾಜ್ಯ ಸರಕಾರದ ಮುಂದೆ ಬಂದು, ನೌಕರರ ಸಂಘವು ಅದನ್ನು ಪ್ರತಿಭಟಿಸಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕೂ ಮಿಗಿಲಾಗಿ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. 70 ಗಂಟೆಯ ಉಪದೇಶವು ಈ ಲೆಕ್ಕಕ್ಕೆ ಏನು ಉತ್ತರ ಕೊಡುತ್ತದೆ?

ಕಾಯಕಕ್ಕೆ ಮಿತಿಯನ್ನು ಹೇಳಿದವರು ಶರಣರೇ. ಆಯ್ದಕ್ಕಿ ಮಾರಯ್ಯನವರು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ತಾಯಿ ಹಿಗ್ಗಲಿಲ್ಲ. ಈ ಆಸೆ ಎಲ್ಲಿಂದ ಬಂತೆಂದು ಪ್ರಶ್ನಿಸಿದಳು, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕಟ್ಟಿದಳು. ಅಗತ್ಯವನ್ನು ಮೀರಿದ ದುಡಿಮೆಯನ್ನು ಶರಣೆ ಸಾಧನೆಯೆಂದು ಎಣಿಸಲಿಲ್ಲ, ದೋಷವೆಂದು ಎಣಿಸಿದಳು. ಇಂದಿನ ಹೆಚ್ಚುವರಿ ಗಂಟೆಗಳು ಮಾರಯ್ಯನವರ ಆ ಹೆಚ್ಚುವರಿ ಅಕ್ಕಿಯೇ ಅಲ್ಲವೇ?

ಹುಲ್ಲು ಕೊಯ್ಯುವಾಗ ಲಿಂಗವು ಜಾರಿ ಬಿದ್ದರೂ ನುಲಿಯ ಚಂದಯ್ಯನವರು ಕಾಯಕ ಬಿಡಲಿಲ್ಲವಲ್ಲ ಎಂದು ಕೆಲವರು ವಾದಿಸುತ್ತಾರೆ. ಆದರೆ ಚಂದಯ್ಯನವರು ಹೊಸೆದ ಹಗ್ಗ ಅವರದೇ. ಅದನ್ನು ಮಾರಿ ಬಂದುದು ಜಂಗಮ ದಾಸೋಹಕ್ಕೆ. ಲಿಂಗಪೂಜೆಯ ನೆಪದಲ್ಲೂ ದಾಸೋಹ ತಪ್ಪಬಾರದೆಂಬುದು ಆ ಕಥೆಯ ತಿರುಳು. ಒಡೆಯನ ಲಾಭಕ್ಕಾಗಿ ಪೂಜೆ, ದಾಸೋಹ, ಮಡದಿ ಮಕ್ಕಳು ಎಲ್ಲವನ್ನೂ ಬಿಡಬೇಕೆಂದು ಅದು ಹೇಳುವುದಿಲ್ಲ.

ಮನೆಸಾಲದ ಕಂತು, ಕೆಲಸ ಕಳೆದುಕೊಳ್ಳುವ ಭಯ ನಿಜವಾದವು. ಒಬ್ಬಂಟಿಯಾಗಿ ಮೇಲಧಿಕಾರಿಯನ್ನು ಎದುರಿಸುವುದು ಎಲ್ಲರಿಗೂ ಸಾಧ್ಯವಿಲ್ಲ. ಆದುದರಿಂದಲೇ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮವು ದಿನಕ್ಕೆ 9, ವಾರಕ್ಕೆ 48 ಗಂಟೆಗಳ ಮಿತಿಯನ್ನು ವಿಧಿಸಿತು. ಆ ಮಿತಿಗಾಗಿ ಒಟ್ಟಾಗಿ ನಿಲ್ಲುವುದು ಸೋಮಾರಿತನವೆನಿಸದು. ಆದರೆ ಕಾನೂನು ಬಾಗಿಲವರೆಗೆ ಬಂದೀತು. ಒಳಗೆ ಲಕ್ಕಮ್ಮನ ಪ್ರಶ್ನೆ ಬೇಕು. ಸಂಬಳ ಏರಿದಾಗ ಹಿಗ್ಗುವ ಮನೆ, ಮಗನ ರಕ್ತದೊತ್ತಡ ಏರಿದಾಗಲೂ ಕೇಳಬೇಕು. ಕಚೇರಿಯಿಂದ ಬಂದು ಅಡುಗೆಮನೆಯಲ್ಲಿ ಎರಡನೆಯ ಪಾಳಿ ದುಡಿಯುವ ಮಗಳು, ಸೊಸೆಯಂದಿರ ಆಯಾಸವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಶರಣರು ದೇಹವನ್ನು ಗುಡಿಯೆಂದು ಕಂಡರು. ಇಷ್ಟಲಿಂಗಕ್ಕೆ ಅಂಗದ ಮೇಲೆಯೇ ನೆಲೆ ಕೊಟ್ಟರು. ಗುಡಿಯ ಕಂಬ ಕುಸಿಯುವಾಗ ಒಳಗೆ ಗಂಟೆ ಬಾರಿಸುತ್ತ ಕುಳಿತವನನ್ನು ಯಾರೂ ಭಕ್ತನೆನ್ನರು. ಹೊತ್ತಿಗೆ ಸರಿಯಾದ ಊಟ, ತುಂಬು ನಿದ್ರೆ, ನಿತ್ಯದ ಪೂಜೆ, ಕೊಂಚ ನಡಿಗೆ ಇವು ಕಾಯಕದಿಂದ ಕದ್ದ ಕಾಲವಲ್ಲ. ನಾಳೆಯೂ ಕಾಯಕ ನಡೆಯಲೆಂದು ಕಾಯಕ್ಕೆ ಸಲ್ಲಬೇಕಾದ ದಾಸೋಹ. ಎತ್ತಿಗೆ ಸೋಮವಾರ ಕೊಟ್ಟ ನಾಡು ತನ್ನ ಮಕ್ಕಳಿಗೆ ಅಷ್ಟನ್ನಾದರೂ ಕೊಡಲಿ.